ಬೇರೆ ಒಗೆಯಬೇಕಾದ ಅಂಗಿ

ಝುವಾರಿನಗರದ ನಮ್ಮ ಕನ್ನಡ ಶಾಲೆಗೆ ಪ್ರಯೋಗಾಲಯವಿಲ್ಲ.
ಒಂದು ಕಪಾಟಿದೆ. ಅದರ ಕೀಲಿ
ಹಿಂದಿನ ಹೆಡ್ಮಾಸ್ತರರ ಜೇಬಿನಲ್ಲಿ ಹಾವೇರಿಗೆ ಹೋಗಿದೆ.
ಅದಕ್ಕೇ ಹೇಳಿದೆ: ನಾಳೆ ಮನೆಯಿಂದ ತನ್ನಿ,
ಸುಟ್ಟು ಗಟ್ಟಿಯಾದದ್ದು ಒಂದು,
ಅಣುಗಳು ಉದ್ದಕ್ಕೆ ಕೈಹಿಡಿದು ನಿಂತದ್ದು ಒಂದು,
ಎರಡು ಸೇರಿ ಮೂರನೆಯದಾದದ್ದು ಒಂದು.
ಒಡೆದಿದ್ದರೂ ಅಡ್ಡಿಯಿಲ್ಲ.

ಮಾರನೇ ದಿನ ನನ್ನ ಮೇಜು ವಾಸ್ಕೋದ ಗುಜರಿ.
ಮಾಬೂಬಿ ತಂದದ್ದು ಕಿವಿ ಹೋದ ಪಿಂಗಾಣಿ ಕಪ್ಪು.
ಹಳೇ ಬಂಗಲೆ ಕೆಡವಿದಲ್ಲಿ ಬುಟ್ಟಿ ಹೊರುವ ಅವ್ವನಿಂದ
ಶಕ್ರವ್ವನಿಗೆ ಸಿಕ್ಕಿದ್ದು ನೀಲಿ ಬಿಲ್ಲೆಯ ಚೂರು,
ಅದರ ಮೇಲೆ ಅರ್ಧ ಹಡಗು,
ಉಳಿದರ್ಧ ಯಾವ ಲಾರಿಯಲ್ಲಿ ಹೋಯಿತೋ.
ಸ್ಪಾರ್ಕ್ ಪ್ಲಗ್ಗಿನ ಬಿಳಿ ಕೊರಳು. ಬಕೆಟಿನ ಅಂಚು.
ಬಂಗಡೆಯ ವಾಸನೆ ಬಿಡದ ನೈಲಾನ್ ಬಲೆ.
ಯಾರದೋ ಮನೆಯಲ್ಲಿ ಇವತ್ತು
ಹಿಡಿಯಿಲ್ಲದ ಕುಕ್ಕರಿನಲ್ಲಿ ಅನ್ನ.

ಯಮನೂರ ಬರಿಗೈಯಲ್ಲಿ ಬಂದ.
ಕೊನೆಯ ಬೆಂಚಿನಲ್ಲಿ ತೋಳು ಕೆರೆಯುತ್ತ ಕೂತ.
ಬೈದೆ.

ಮೇಣದ ಬತ್ತಿ ಹಚ್ಚಿ, ದಬ್ಬಣ ಕಾಯಿಸಿ
ಬಕೆಟಿನ ಅಂಚಿಗೆ ತಾಗಿಸಿದೆ,
ಬೆಣ್ಣೆಯೊಳಗೆ ಹೋದಂತೆ ಹೋಯಿತು.
ಕುಕ್ಕರಿನ ಹಿಡಿಗೆ ಒತ್ತಿದೆ,
ವಾಸನೆ ಬಂತು, ಹಿಡಿ ಜಗ್ಗಲಿಲ್ಲ.
ಇದು ಕರಗಿ ಮತ್ತೆ ಮಗ್ಗಾಗಬಲ್ಲದು, ಬಾಚಣಿಗೆಯಾಗಬಲ್ಲದು.
ಅದು ಬೇಕಲೈಟ್, ಹುಟ್ಟುವುದು ಒಂದೇ ಸಲ,
ಆಮೇಲೆ ಯಾರ ಮಾತೂ ಕೇಳುವುದಿಲ್ಲ, ಎಂದೆ.
‘ನಮ್ಮ ಆಯಿ ಹಂಗರೀ’ ಎಂದಿತು ಒಂದು ದನಿ.
ನಕ್ಕೆವು.
ಪಿಂಗಾಣಿಗೆ ಬೆಂಕಿಯ ಹೆದರಿಕೆಯಿಲ್ಲ, ಆಮ್ಲದ್ದೂ ಇಲ್ಲ,
ಕೈ ತಪ್ಪಿದರೆ ಮುಗಿಯಿತು ಎನ್ನುವಾಗ
ಮಾಬೂಬಿ ಕಪ್ಪನ್ನು ಮೇಜಿನ ಒಳಗಡೆಗೆ ಸರಿಸಿದಳು.

ಮೂರನೆಯದಕ್ಕೆ ಬಂದಾಗ ನಾನೇ ಎಡವಿದೆ.
ಊರಲ್ಲಿ ಮಣ್ಣಿಗೆ ಹೊಟ್ಟು ಕಲಸಿ ತುಳಿದು
ಗೋಡೆ ಕಟ್ಟುವುದು ನೋಡಿದ್ದೀರಲ್ಲ?
ಮೂರು ಕೈ ಎದ್ದವು.
ಉಳಿದವರೆಲ್ಲ ಇಲ್ಲೇ ತಗಡಿನ ಕೆಳಗೆ ಹುಟ್ಟಿದವರು,
ಊರೆಂದರೆ ಅವರಿಗೆ ಬಸ್ಸಿನ ಬೋರ್ಡು.
ಗಂಟೆ ಹೊಡೆಯಿತು.
ಪುಸ್ತಕದಲ್ಲಿದ್ದುದನ್ನು ಹಲಗೆಯ ಮೇಲೆ ಬರೆದು ಮುಗಿಸಿದೆ.

ಅರ್ಧವಾರ್ಷಿಕ ಪರೀಕ್ಷೆ. ಏಳನೇ ಪ್ರಶ್ನೆ:
ಸಂಯೋಜಿತ ವಸ್ತುಗಳ ಎರಡು ಗುಣ, ಎರಡು ಉಪಯೋಗ ಬರೆಯಿರಿ.
ಹುಣಸೆಹಣ್ಣಿನ ಬಣ್ಣದ ಶಾಯಿಯಲ್ಲಿ ಯಮನೂರ:

‘ಗುಣ. ಹಗುರ ಇರತೈತಿ. ಉಪ್ಪ ನೀರಿಗೆ ತುಕ್ಕ ಹಿಡಿಯಂಗಿಲ್ಲ.
ಗಾಜಿನ ಅರಿವಿ ಹಾಸಿ ಮ್ಯಾಲ ಅಂಟು ಸವರಬೇಕು.
ಅಂಟು ಬಿಗಿಯೋ ತನಕ ಉಣ್ಣಾಕ ಹೋಗಬಾರದು.
ಗಾಜು ಒಂದ ಇದ್ದರ ಒಡೀತೈತಿ, ಅಂಟು ಒಂದ ಇದ್ದರ ಸೀಳತೈತಿ.
ಉಪಯೋಗ. ದೋಣಿ. ನೀರಿನ ಟಾಕಿ.
ಅಪ್ಪನ ಅಂಗಿ ಬ್ಯಾರೆ ಒಗೀಬೇಕು.
ಒಮ್ಮೆ ತಂಗೀ ಫ್ರಾಕ್ ಅದರ ಜೋಡಿ ನೆನಿ ಹಾಕಿದ್ವಿ.
ರಾತ್ರಿಯೆಲ್ಲಾ ಅತ್ತಳು.’

ಉತ್ತರಸೂಚಿಯಲ್ಲಿ ಅಂಗಿಯಿಲ್ಲ.
ಕೆಂಪು ಪೆನ್ನು ತೆರೆದೇ ಇತ್ತು, ಚಹಾ ಆರಿತು.
ಪ್ರತಿ ಸಂಜೆ ಬಸ್ಸಿನಿಂದ ನೋಡುತ್ತೇನೆ ಚಿಖಲಿಯ ದೋಣಿ ಕಾರ್ಖಾನೆ,
ಬೋರಲು ಮಲಗಿದ ಬಿಳಿ ಒಡಲುಗಳು,
ಮುಖಕ್ಕೆ ಟವೆಲು ಸುತ್ತಿ ಮಷೀನು ತಿಕ್ಕುವವರು,
ಮಂಜಿನಂಥ ಧೂಳು.
ಎಷ್ಟು ನುಣುಪು ಅಂದುಕೊಂಡಿದ್ದೆ. ಅಷ್ಟೇ ಅಂದುಕೊಂಡಿದ್ದೆ.

ನಾಲ್ಕಕ್ಕೆ ನಾಲ್ಕು ಕೊಟ್ಟೆ.
ಕೊನೆಯ ಎರಡು ಸಾಲಿಗೆ ಅಡಿಗೆರೆ ಎಳೆಯಹೋಗಿ
ಯಾಕೆಂದು ತಿಳಿಯದೆ ಬಿಟ್ಟೆ.

ಮರುದಿನ ಹಾಜರಿ.
‘ಯಮನೂರಪ್ಪ ಹುಲಗಪ್ಪ ತಳವಾರ.’
‘ಎಸ್ ಟೀಚರ್.’
ಎತ್ತಿದ ತೋಳು ಕಿಟಕಿಯ ಬಿಸಿಲಿಗೆ ಸಿಕ್ಕು
ಎರಡು ಕಡೆ ಸಣ್ಣಗೆ ಮಿಂಚಿತು.